ಗಡಿ ದಾಟುವ ಕ್ರಿಸ್‌ಮಸ್ ಉಡುಗೊರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಊರಿನ ಒಬ್ಬರು ಹೊರದೇಶದಲ್ಲಿ ಮಿಷನರಿಯಾಗಿದ್ದಾರೆ, ಅವರ ಕೈಯಲ್ಲಿ ಅಲ್ಲಿಯ ಬಡ ಮನೆಗಳಿಗೆ ಕ್ರಿಸ್‌ಮಸ್ ಉಡುಗೊರೆ ಕಳಿಸಬೇಕು, ಹೇಗೆ? ಮೂಟೆ ಕಟ್ಟುವುದು, ಹಣ, ಕಾನೂನು ಮೂರೂ ಇದರಲ್ಲಿ ಕೂಡಿವೆ. ಹಾಗಾಗಿ ಅಂಕಣವನ್ನು ಪೂರ್ತಿ ಇದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಚರ್ಚಿನ ಸಿಸ್ಟರ್ ಒಬ್ಬರು ಕೀನ್ಯಾದಲ್ಲಿ ಸೇವೆಯಲ್ಲಿದ್ದಾರೆ. ರಜೆಗೆ ಬಂದವರು ಅಕ್ಟೋಬರ್ ಕೊನೆಗೆ ವಾಪಸು ಹೊರಡುತ್ತಾರೆ. ಶೂ ಡಬ್ಬಿಯಲ್ಲಿ ಉಡುಗೊರೆ ತುಂಬಿ ಕೊಡುವ ಪದ್ಧತಿ ಇದೆಯಂತೆ. ನಾವೂ 40 ಮಕ್ಕಳಿಗೆ 40 ಡಬ್ಬಿ ಮಾಡಬೇಕೆಂದಿದ್ದೇವೆ. ಏನೇನು ಹಾಕಬೇಕು?
– ಯುವಜನ ಸಂಘದವರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಏನು ಹಾಕಬೇಕು ಎನ್ನುವುದಕ್ಕೆ ಮೊದಲು ಡಬ್ಬಿಯನ್ನೇ ಅಳೆಯಿರಿ. ದೊಡ್ಡವರ ಶೂ ಡಬ್ಬಿ ಸುಮಾರು 30 ಸೆಂ.ಮೀ. ಉದ್ದ, 18 ಅಗಲ, 11 ಎತ್ತರ. ಅಂದರೆ ಹತ್ತಿರಹತ್ತಿರ 6 ಲೀಟರ್ ಜಾಗ. 40 ಡಬ್ಬಿಗೆ 240 ಲೀಟರ್. ದೊಡ್ಡ ಸೂಟ್‌ಕೇಸ್ ಹಿಡಿಯುವುದು 90ರಿಂದ 100 ಲೀಟರ್. ಮೂಲೆಸಂದಿಯಲ್ಲಿ ಪೋಲಾಗುವ ಜಾಗ ಕಳೆದರೆ ಒಂದು ಸೂಟ್‌ಕೇಸಿಗೆ ಹನ್ನೆರಡು ಡಬ್ಬಿ ಕೂತರೆ ಹೆಚ್ಚು. ನಿಮ್ಮ ಸಿಸ್ಟರ್ ನಾಲ್ಕು ಸೂಟ್‌ಕೇಸ್ ಎಳೆದುಕೊಂಡು ವಿಮಾನ ಹತ್ತಲು ಆಗುವುದಿಲ್ಲ.

ಶೂ ಡಬ್ಬಿಯ ಪದ್ಧತಿ ಹುಟ್ಟಿದ್ದೇ ಬೇರೆ ಥರ. 1990ರಲ್ಲಿ ವೇಲ್ಸ್‌ನ ರೆಕ್ಸಂ ಊರಿನಿಂದ ರೊಮೇನಿಯಾದ ಅನಾಥ ಮಕ್ಕಳಿಗೆ ಲಾರಿಗಳಲ್ಲಿ ಉಡುಗೊರೆ ಹೋಯಿತು. 1993ರಲ್ಲಿ ಅಮೆರಿಕದ ಸಮಾರಿಟನ್ಸ್ ಪರ್ಸ್ ಸಂಸ್ಥೆ ಅದನ್ನು ಕೈಗೆತ್ತಿಕೊಂಡು ‘ಆಪರೇಷನ್ ಕ್ರಿಸ್‌ಮಸ್ ಚೈಲ್ಡ್’ ಎಂದು ಬೆಳೆಸಿತು. ಅವರ ಡಬ್ಬಿಗಳು ಹಡಗಿನ ಕಂಟೇನರಿನಲ್ಲಿ ಹೋಗುತ್ತವೆ. ನಿಮ್ಮದು ಒಬ್ಬರ ಲಗೇಜಿನಲ್ಲಿ ಹೋಗಬೇಕು. ಆದ್ದರಿಂದ ಅವರ ಡಬ್ಬಿ ಬಿಡಿ, ಅವರ ನಿಯಮ ತೆಗೆದುಕೊಳ್ಳಿ. ಮಕ್ಕಳನ್ನು 2–4, 5–9, 10–14 ವರ್ಷ ಎಂದು ಮೂರು ಗುಂಪು ಮಾಡಿ, ಹುಡುಗ ಹುಡುಗಿ ಬೇರೆ ಬರೆಯುತ್ತಾರೆ. ಹಳೆಯ ವಸ್ತು, ತಿಂಡಿ, ಟೂತ್‌ಪೇಸ್ಟ್, ದ್ರವ ಪದಾರ್ಥ, ಒಡೆಯುವಂಥದ್ದು, ಆಟದ ಬಂದೂಕು ಇವನ್ನು ಹಾಕುವುದಿಲ್ಲ. ನಿಮಗೂ ಇದೇ ಸಾಕು.

ಡಬ್ಬಿಯ ಬದಲು ಬಟ್ಟೆಯ ಚೀಲ ಹೊಲಿಸಿ. ಬಾಯಿಗೆ ಲಾಡಿ ಹಾಕಿದ, 30 ಸೆಂ.ಮೀ. ಅಗಲ, 35 ಎತ್ತರದ ಚೀಲ. ಟೈಲರ್ ಅಂಗಡಿಯ ದಪ್ಪ ಕಾಟನ್ ಮಿಕ್ಕ ಬಟ್ಟೆಯಾದರೂ ನಡೆಯುತ್ತದೆ, ತೂಕ 60 ಗ್ರಾಂ ದಾಟದಿರಲಿ. ಪ್ಲಾಸ್ಟಿಕ್ ಕೈಚೀಲ ಮಾತ್ರ ಕೂಡದು. ಕೀನ್ಯಾದಲ್ಲಿ 2017ರ ಆಗಸ್ಟ್ 28ರಿಂದ ಅದು ನಿಷಿದ್ಧ, ವಿಮಾನ ನಿಲ್ದಾಣದಲ್ಲೇ ಬಿಟ್ಟುಹೋಗಬೇಕಾಗುತ್ತದೆ. ಅಂಗಡಿಯವರು ಕೊಟ್ಟ ಕವರುಗಳನ್ನೆಲ್ಲ ಇಲ್ಲೇ ಬಿಚ್ಚಿ ಹಾಕಿ.

ಇನ್ನು ತೂಕ. ಉಡುಗೊರೆಗೆಂದು 23 ಕಿಲೋದ ಒಂದು ಬ್ಯಾಗ್ ಸಿಕ್ಕಿತು ಎಂದುಕೊಳ್ಳಿ. ಬ್ಯಾಗಿನದೇ 3 ಕಿಲೋ ಹೋದರೆ 20 ಉಳಿಯಿತು. 40 ಮಕ್ಕಳಿಗೆ ಹಂಚಿದರೆ ತಲೆಗೆ 500 ಗ್ರಾಂ, ಚೀಲವೂ ಸೇರಿ. ನೂರು ಪುಟದ ನೋಟ್‌ಬುಕ್ ಒಂದೇ ಸುಮಾರು 150 ಗ್ರಾಂ ತಿನ್ನುತ್ತದೆ, ಸೋಪು 75ರಿಂದ 100. ಇವೆರಡೂ ಕೀನ್ಯಾದ ಯಾವ ಪೇಟೆಯಲ್ಲಾದರೂ ಸಿಗುತ್ತವೆ. ತೂಕದ್ದನ್ನು ಅಲ್ಲೇ ಕೊಳ್ಳಿ, ಹಗುರಾದದ್ದನ್ನು ಇಲ್ಲಿಂದ ಕಳಿಸಿ. ನೋಟ್‌ಬುಕ್ ಬೇಡವೆಂದಲ್ಲ, ಅಲ್ಲಿ ಶಾಲೆಯ ವರ್ಷ ಶುರುವಾಗುವುದೇ ಜನವರಿಯಲ್ಲಿ. ಕ್ರಿಸ್‌ಮಸ್‌ಗೆ ಸಿಕ್ಕ ನೋಟ್‌ಬುಕ್ ಎರಡೇ ವಾರದಲ್ಲಿ ಬಳಕೆಗೆ ಬರುತ್ತದೆ. ಅದಕ್ಕೆ ಹಣ ಕೊಡಿ, ಹೊರಿಸಬೇಡಿ.

ಇಲ್ಲಿಂದ ಹೋಗಬೇಕಾದದ್ದು ಇಷ್ಟು: ತೆಳು ಟವೆಲ್ ಒಂದು, ಟೂತ್‌ಬ್ರಷ್ ಒಂದು, ಪೆನ್ಸಿಲ್ ನಾಲ್ಕು, ರಬ್ಬರ್, ಮೆಂಡರ್. ಮೆಂಡರ್ ಲೋಹದ್ದಿರಲಿ. ಅದನ್ನು ಮರೆತರೆ ಪೆನ್ಸಿಲ್ ಕೊಟ್ಟೂ ಕೊಡದಂತೆ, ಮಕ್ಕಳು ಬ್ಲೇಡು ಹಿಡಿಯುತ್ತಾರೆ. ಇವುಗಳ ಮೇಲೆ ಒಂದು ಆಟದ ಸಾಮಾನು. ಚೀಲ ತೆರೆದ ಮಗು ಮೊದಲು ಹುಡುಕುವುದು ಅದನ್ನೇ. 5–9ರವರಿಗೆ ಸ್ಕಿಪ್ಪಿಂಗ್ ಹಗ್ಗ, ಬಣ್ಣದ ಬಳಪ. 2–4ರವರಿಗೆ ಬಟ್ಟೆಯ ಗೊಂಬೆ. ಗೋಲಿ, ಗುಂಡಿ ಕಣ್ಣಿನ ಗೊಂಬೆ ಬೇಡ, ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕುತ್ತದೆ. ಗಾಜಿನ ಬಳೆಯೂ ಬೇಡ. 10–14ರ ಹುಡುಗಿಯರಿಗೆ ತೊಳೆದು ಮತ್ತೆ ಬಳಸುವ ಬಟ್ಟೆ ಪ್ಯಾಡ್ ನಾಲ್ಕು, ಹೊಸ ಒಳಉಡುಪು ಎರಡು. ಪ್ಯಾಡನ್ನು ಬಿಸಿಲಲ್ಲಿ ಒಣಗಿಸಬೇಕೆಂದು ಸಿಸ್ಟರ್ ಬಾಯಲ್ಲೇ ಹೇಳಿಸಿ, ಮುಚ್ಚಿಟ್ಟು ಒಣಗಿಸಿದರೆ ಸೋಂಕಾಗಬಹುದು.

ಫುಟ್‌ಬಾಲ್ ಕೊಡುವುದಾದರೆ ಮಗುವಿಗೊಂದು ಬೇಡ, ಹತ್ತು ಮಕ್ಕಳಿಗೊಂದು ಸಾಕು. ಗಾಳಿ ಪೂರ್ತಿ ತೆಗೆದು ಬಟ್ಟಲಿನಂತೆ ಒಳಕ್ಕೆ ಒತ್ತಿ, ಆ ಕುಳಿಯೊಳಗೆ ಟವೆಲ್ ತುಂಬಿ. ಜೊತೆಗೆ ಒಂದು ಕೈಪಂಪು ಮತ್ತು ಕನಿಷ್ಠ ಮೂರು ಸೂಜಿ. ಸೂಜಿ ಬಾಗುವುದೇ ಹೆಚ್ಚು, ಸೂಜಿಯಿಲ್ಲದ ಚೆಂಡು ಚಕ್ಕಳ ಅಷ್ಟೇ. ಸಣ್ಣವರಿಗೆ 3ನೇ ಸೈಜು, ಎಂಟರಿಂದ ಹನ್ನೆರಡರವರಿಗೆ 4, ಅದಕ್ಕೂ ದೊಡ್ಡವರಿಗೆ 5.

ಚಪ್ಪಲಿಯನ್ನು ವಯಸ್ಸು ಕೇಳಿ ಕೊಳ್ಳಬೇಡಿ. ಪ್ರತಿ ಮಗುವಿನ ಪಾದವನ್ನು ಕಾಗದದ ಮೇಲೆ ಗೆರೆ ಎಳೆಸಿ, ಸ್ಕೇಲ್ ಪಕ್ಕಕ್ಕಿಟ್ಟು ಫೋಟೊ ತೆಗೆದು ಕಳಿಸಲು ಹೇಳಿ, ಉದ್ದಕ್ಕೆ ಒಂದು ಸೆಂ.ಮೀ. ಸೇರಿಸಿ. ಇಷ್ಟು ತಾಪತ್ರಯ ಆಗದಿದ್ದರೆ ಚಪ್ಪಲಿಯ ಯೋಚನೆಯನ್ನೇ ಬಿಡಿ.

ಒಂದೇ ಥರದ 40 ಹೊಸ ವಸ್ತು ಕಂಡರೆ ಕಸ್ಟಮ್ಸ್‌ನವರು ವ್ಯಾಪಾರದ ಸರಕು ಎಂದುಕೊಳ್ಳುವುದು ಸಹಜ. ವಸ್ತು, ಸಂಖ್ಯೆ, ಕೊಂಡ ಬೆಲೆ ಬರೆದ ಇಂಗ್ಲಿಷ್ ಪಟ್ಟಿ ಎರಡು ಪ್ರತಿ, ಅಂಗಡಿಯ ಬಿಲ್ಲು, ‘ಹಂಚಲು ಬರುತ್ತಿರುವ ಉಡುಗೊರೆ, ಮಾರಾಟಕ್ಕಲ್ಲ’ ಎಂದು ಅಲ್ಲಿಯ ಮಿಷನ್ ಬರೆದ ಪತ್ರ ಇವು ಸಿಸ್ಟರ್ ಕೈಚೀಲದಲ್ಲಿರಲಿ. ಚೀಲದ ಬಾಯಿ ಹೊಲಿಯಬೇಡಿ, ಬಣ್ಣದ ಕಾಗದ ಸುತ್ತಬೇಡಿ. ತಪಾಸಣೆಯವರು ಹರಿದೇ ನೋಡುತ್ತಾರೆ.

ಪ್ರಶ್ನೆ: ಕರ್ಜಿಕಾಯಿ, ಚಕ್ಕುಲಿ ಕಳಿಸಿದರೆ? ಕೊನೆಗೆ ನಮ್ಮೂರ ಮಂಡಕ್ಕಿಯಾದರೂ?
– ಓದುಗರು, ಹಳೇ ದಾವಣಗೆರೆ

ಉತ್ತರ: ಬೇಡ. ಕರಿದ ತಿಂಡಿ ಎರಡು ತಿಂಗಳಲ್ಲಿ ಎಣ್ಣೆವಾಸನೆ ಹಿಡಿಯುತ್ತದೆ, ಕೊಬ್ಬರಿ ಹೂರಣ ಅದಕ್ಕೂ ಮೊದಲೇ ಮುಗ್ಗುತ್ತದೆ. ಮಂಡಕ್ಕಿ ತೂಕವಿಲ್ಲ ನಿಜ, ಆದರೆ ಜಾಗವೆಲ್ಲ ಅದರದ್ದೇ. ತಣಿದು ಮೆತ್ತಗಾದ ಮಂಡಕ್ಕಿಯನ್ನು ದಾವಣಗೆರೆಯವರು ಯಾರಿಗೆ ತಾನೆ ಕೊಡುತ್ತಾರೆ?

ಹಬ್ಬದ ಊಟವನ್ನು ಅಲ್ಲಿಯದೇ ಮಾಡಿಸಿ. ಕೀನ್ಯಾದ ದಿನನಿತ್ಯದ ಊಟ ಉಗಾಲಿ, ಅಂದರೆ ಜೋಳದ ಹಿಟ್ಟಿನ ಮುದ್ದೆ. ನಮ್ಮ ಬಿಳಿಜೋಳವಲ್ಲ, ಮೆಕ್ಕೆಜೋಳ. ಬಡ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಆಸೆಪಡುವುದು ಚಪಾತಿಗೆ! ಮೈದಾ, ಎಣ್ಣೆ, ಲಟ್ಟಿಸುವ ಸಮಯ ಮೂರೂ ದುಬಾರಿಯಾದ್ದರಿಂದ ಅಲ್ಲಿ ಚಪಾತಿಗೆ ನಮ್ಮ ಹೋಳಿಗೆಯ ಸ್ಥಾನ. ಹಿಟ್ಟು ಅಲ್ಲಿ 2 ಕಿಲೋ ಪೊಟ್ಟಣದಲ್ಲಿ ಸಿಗುತ್ತದೆ. ಆರು ಜನರ ಮನೆಗೆ ಚಪಾತಿ ಹಿಟ್ಟು ಒಂದು ಪೊಟ್ಟಣ, ಮೆಕ್ಕೆಜೋಳದ ಹಿಟ್ಟು ಎರಡು, ಎಣ್ಣೆ 1 ಲೀಟರ್, ಸಕ್ಕರೆ 1 ಕಿಲೋ, ಉಪ್ಪು, ಚಹಾಪುಡಿ, ಬಟ್ಟೆ ಒಗೆಯುವ ಬಾರ್ ಸೋಪು ಕೊಟ್ಟರೆ ಹಬ್ಬವೂ ಆಯಿತು, ನಂತರದ ನಾಲ್ಕು ದಿನವೂ ನಡೆಯಿತು. ಡಿಸೆಂಬರ್ ಮೂರನೇ ವಾರದಲ್ಲಿ ಬೆಲೆ ಏರುವ ಮೊದಲೇ ಕೊಳ್ಳಲು ಸಿಸ್ಟರ್‌ಗೆ ತಿಳಿಸಿ.

ಪ್ರಶ್ನೆ: ಹಾಗಾದರೆ ಹಣವನ್ನೇ ಕಳಿಸೋಣವೆಂದರೆ ಚರ್ಚಿನ ಖಾತೆಯಿಂದ ಆಗುವುದಿಲ್ಲ ಎಂದು ಬ್ಯಾಂಕಿನವರು ಹೇಳಿದರು. ಯಾಕೆ?
– ಸಭೆಯ ಖಜಾಂಚಿ, ಚಿತ್ರದುರ್ಗ

ಉತ್ತರ: ಬ್ಯಾಂಕಿನವರು ಹೇಳಿದ್ದು ಸರಿ. ವಿದೇಶಕ್ಕೆ ಉಡುಗೊರೆ, ದಾನ ಕಳಿಸುವ ಸಾಮಾನ್ಯ ದಾರಿಯೆಂದರೆ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್, ಅಂದರೆ ಉದಾರೀಕೃತ ಹಣ ರವಾನೆ ಯೋಜನೆ. ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಿತಿ. ಆದರೆ ಅದು ಇಲ್ಲಿ ವಾಸವಿರುವ ವ್ಯಕ್ತಿಗಳಿಗೆ ಮಾತ್ರ, ಟ್ರಸ್ಟು, ಸಂಘ, ಕಂಪನಿಗಳಿಗೆ ಇಲ್ಲ. ಚರ್ಚಿನ ಟ್ರಸ್ಟು ಬೇರೆ ದಾರಿ ಹುಡುಕಿದರೂ ಆದಾಯ ತೆರಿಗೆಯ ತೊಡಕಿದೆ. ಧರ್ಮಾರ್ಥ ಟ್ರಸ್ಟಿನ ಹಣ ಭಾರತದ ಹೊರಗೆ ಖರ್ಚಾದರೆ, ವಿಶೇಷ ಒಪ್ಪಿಗೆಯಿಲ್ಲದಿದ್ದರೆ, ಆ ಭಾಗಕ್ಕೆ ವಿನಾಯಿತಿ ಸಿಗುವುದಿಲ್ಲ. ಖಜಾಂಚಿಯಾದ ನೀವು ಆಡಿಟರ್ ಬಾಯಿಗೆ ಬೀಳುವುದು ಇಲ್ಲೇ.

ದಾರಿ ಏನು? ಕೊಡುವವರು ತಮ್ಮತಮ್ಮ ಖಾತೆಯಿಂದ, ತಮ್ಮ ಹೆಸರಿನಲ್ಲೇ ಕಳಿಸಬೇಕು. ವಿದೇಶಿ ವಿನಿಮಯ ನೋಡುವ ಶಾಖೆಗೆ ಪಾನ್ ಕಾರ್ಡ್, ಎ2 ಫಾರಂ (ವಿದೇಶಕ್ಕೆ ಹಣ ಕಳಿಸುವ ಅರ್ಜಿ), ಪಡೆಯುವವರ ಹೆಸರು, ಖಾತೆ ಸಂಖ್ಯೆ, ಅವರ ಬ್ಯಾಂಕಿನ ಅಂತರರಾಷ್ಟ್ರೀಯ ಗುರುತಾದ ಸ್ವಿಫ್ಟ್ ಕೋಡ್ ಕೊಡಬೇಕು. ಫಾರಂನಲ್ಲಿ ಉದ್ದೇಶದ ಕೋಡ್ ಕೇಳುತ್ತಾರೆ. ವ್ಯಕ್ತಿಗೆ ಉಡುಗೊರೆಯಾದರೆ ಎಸ್1302, ಅಲ್ಲಿಯ ಧಾರ್ಮಿಕ ಅಥವಾ ಧರ್ಮಾರ್ಥ ಸಂಸ್ಥೆಗೆ ದಾನವಾದರೆ ಎಸ್1303. ಮಿಷನ್ನಿನ ಖಾತೆಗೆ ಕಳಿಸಿ ‘ವೈಯಕ್ತಿಕ ಉಡುಗೊರೆ’ ಎಂದು ಬರೆದರೆ ಹೆಸರಿಗೂ ಕೋಡಿಗೂ ತಾಳೆಯಾಗದೆ ಹಣ ವಾಪಸಾಗಬಹುದು, ಹೋಗಿಬಂದ ಖರ್ಚು ನಿಮ್ಮದೇ. ನಡುವಿನ ಬ್ಯಾಂಕಿನ ಶುಲ್ಕ ಯಾರ ತಲೆಗೆ ಎಂಬುದನ್ನೂ ಅದೇ ಫಾರಂನಲ್ಲಿ ಆರಿಸಬೇಕು. ಪೂರ್ತಿ ಕಳಿಸುವವರದು ಎಂದು ಗುರುತು ಮಾಡದಿದ್ದರೆ ಅಲ್ಲಿ ಕಡಿಮೆ ತಲುಪುತ್ತದೆ. ಐನೂರು, ಸಾವಿರ ರೂಪಾಯಿಯನ್ನು ಹೀಗೆ ಕಳಿಸುವುದು ದಂಡ, ಶುಲ್ಕವೇ ನುಂಗಿಬಿಡುತ್ತದೆ. ಹತ್ತು ಜನರ ಹಣವನ್ನು ಒಬ್ಬರ ಖಾತೆಗೆ ಸುರಿದು ಅವರ ಹೆಸರಲ್ಲಿ ಕಳಿಸುವ ಉಪಾಯವೂ ಬೇಡ, ಹಣದ ಮೂಲ ಕೇಳಿದಾಗ ಉತ್ತರಿಸಬೇಕಾದವರು ಆ ಒಬ್ಬರೇ.

ಚಿಕ್ಕ ಮೊತ್ತ ಕೊಡುವವರಿಗೆ ಸುಲಭವಾದದ್ದು ಪ್ರಯಾಣಿಕರ ಕೈಯ ದಾರಿ. ಹೊರಡುವ ಸಿಸ್ಟರ್‌ಗೆ ಊರಿನವರು ಇಲ್ಲೇ ರೂಪಾಯಿಯಲ್ಲಿ ಉಡುಗೊರೆ ಕೊಟ್ಟರೆ, ಅವರಿಗೆ ಅವಕಾಶವಿದೆಯೇ ಎಂದು ಅಧಿಕೃತ ವಿನಿಮಯ ಕೇಂದ್ರದಲ್ಲಿ ಮೊದಲೇ ಕೇಳಿಕೊಂಡು, ಇದ್ದರೆ ಅಲ್ಲೇ ಡಾಲರ್ ಕೊಂಡು ಒಯ್ಯಬಹುದು. ನೋಟಿನ ರೂಪದಲ್ಲಿ ಒಂದು ಪ್ರಯಾಣಕ್ಕೆ 3,000 ಡಾಲರ್ ಮಿತಿ, ಉಳಿದದ್ದು ಕಾರ್ಡಿನಲ್ಲಿ. ರಶೀದಿ ಜೋಪಾನ. ಅಲ್ಲಿ ತಲುಪಿದ ಮೇಲೆ ಮನೆಮನೆಗೆ ಹಣ ಮುಟ್ಟಿಸುವುದು ಕಷ್ಟವಲ್ಲ. 2007ರಲ್ಲಿ ಶುರುವಾದ ಎಂ-ಪೆಸಾ ಎಂಬ ಮೊಬೈಲ್ ಹಣದ ವ್ಯವಸ್ಥೆ ಇದೆ, ಸಾದಾ ಮೊಬೈಲಿನಲ್ಲೂ ನಡೆಯುತ್ತದೆ, ಹಳ್ಳಿ ಅಂಗಡಿಯಲ್ಲಿ ನಗದು ಮಾಡಿಸಿಕೊಳ್ಳಬಹುದು.

ಇನ್ನೊಂದು, ವಿದೇಶದ ಸಂಸ್ಥೆಗೆ ಕೊಟ್ಟದ್ದಕ್ಕೆ ಆದಾಯ ತೆರಿಗೆಯಲ್ಲಿ ದಾನದ ರಿಯಾಯಿತಿ ಇಲ್ಲ. ಸಭೆಯಲ್ಲಿ ಹಾಗೆ ಹೇಳಿ ಹಣ ಕೇಳಬೇಡಿ.

ಪ್ರಶ್ನೆ: ಮನೆಯಲ್ಲಿ ಮಕ್ಕಳ ಒಳ್ಳೊಳ್ಳೆ ಬಟ್ಟೆ ರಾಶಿ ಬಿದ್ದಿವೆ. ಆಫ್ರಿಕಾಕ್ಕೆ ಕಳಿಸಬಹುದಲ್ಲ?
– ಗೃಹಿಣಿ, ಹೊಳಲ್ಕೆರೆ

ಉತ್ತರ: ಅಮ್ಮಾ, ಕೀನ್ಯಾಕ್ಕೆ ಹಳೆ ಬಟ್ಟೆ ಹಡಗುಗಟ್ಟಲೆ ಬಂದು ಬೀಳುತ್ತದೆ. ಅದಕ್ಕೆ ಅಲ್ಲಿ ‘ಮಿಟುಂಬಾ’ ಎಂಬ ಹೆಸರೇ ಇದೆ, ನೈರೋಬಿಯ ಗಿಕೊಂಬಾ ಮಾರುಕಟ್ಟೆ ಅದರ ವ್ಯಾಪಾರಕ್ಕೆ ಪ್ರಸಿದ್ಧ. ನಿಮ್ಮ ಬಟ್ಟೆಯ ಸಾಗಣೆ ಖರ್ಚಿನಲ್ಲಿ ಅಲ್ಲಿ ಅದರ ಹಲವು ಪಟ್ಟು ಬಟ್ಟೆ ಬರುತ್ತದೆ. ಹೊಳಲ್ಕೆರೆಯಲ್ಲೇ ಬೇಕಾದ ಮನೆಗಳಿಗೆ ಕೊಡಿ, ಒಗೆದು, ಗುಂಡಿ ಹಾಕಿಸಿ.

ಪ್ರಶ್ನೆ: ನಮ್ಮ ಪಾಸ್ಟರ್ ಪರಿಚಯದವರು ನೇಪಾಳದ ಬೆಟ್ಟದ ಹಳ್ಳಿಗಳಲ್ಲಿದ್ದಾರೆ. ಇಲ್ಲಿಯ ಕುರಿ ಕಂಬಳಿ 15 ಕಳಿಸಬೇಕೆಂದಿದ್ದೇವೆ.
– ಓದುಗರು, ಚಳ್ಳಕೆರೆ

ಉತ್ತರ: ವಸ್ತು ಒಳ್ಳೆಯದು, ಯಾರಿಗೆ ಎಂಬುದನ್ನು ಯೋಚಿಸಿ. ನಮ್ಮ ಕಡೆಯ ಕಂಬಳಿ ಒರಟು ಉಣ್ಣೆಯದು, ಹುಣಸೆಬೀಜದ ಗಂಜಿ ಹಚ್ಚಿ ಬಿಗಿ ಮಾಡಿದ್ದು. ಹೊಸತರಲ್ಲಿ ಮೈಗೆ ಚುಚ್ಚುತ್ತದೆ, ಹಸುಗೂಸಿಗೆ ಆಗುವುದಿಲ್ಲ. ಮುದುಕರಿಗೆ, ಹಾಸಲು, ಹತ್ತಿಯ ದುಪ್ಪಟಿಯ ಮೇಲೆ ಹೊದೆಯಲು ಚೆನ್ನ. ಒಂದನ್ನು ತಕ್ಕಡಿಗೆ ಹಾಕಿ ನೋಡಿ, ಎರಡು ಕಿಲೋ ದಾಟಿದರೆ ಹದಿನೈದಕ್ಕೆ 30 ಕಿಲೋ ಮೀರಿತು. ಅದು ವಿಮಾನದ ಮಾತಲ್ಲ, ರೈಲಿನಲ್ಲಿ ರಕ್ಸೌಲ್ ಅಥವಾ ಗೋರಖ್‌ಪುರ ಮುಟ್ಟಿ ಗಡಿ ದಾಟಬೇಕು. ಗಡಿಯಲ್ಲಿ ಸುಂಕ ಕೇಳುತ್ತಾರೆ, ಬಿಲ್ಲು ಇಟ್ಟುಕೊಳ್ಳಿ.

ಕಟ್ಟುವ ಮೊದಲು ಎರಡು ದಿನ ಬಿಸಿಲಿಗೆ ಹಾಕಿ ಕೊಡವಿ. ಆ ಗಂಜಿಗೆ ತೇವ ತಾಗಿದರೆ ಹುಳ ಬೀಳುತ್ತದೆ. ನುಸಿಗುಳಿಗೆ ಹಾಕುವ ಅಭ್ಯಾಸ ಬಿಡಿ, ಮಕ್ಕಳು ಪೆಪ್ಪರ್‌ಮೆಂಟ್ ಎಂದು ನುಂಗಿದರೆ ರಕ್ತಕ್ಕೇ ಅಪಾಯ.

ಕಂಬಳಿಗಿಂತ ಮುಖ್ಯವಾದದ್ದು ಅದರ ಮಡಿಕೆಯಲ್ಲಿ ಏನಿದೆ ಎಂಬುದು. ನೇಪಾಳದಲ್ಲಿ ಮತಾಂತರ ಮಾಡಿಸುವುದು ಅಪರಾಧ. 2018ರ ಆಗಸ್ಟ್‌ನಲ್ಲಿ ಜಾರಿಯಾದ ದಂಡಸಂಹಿತೆಯಲ್ಲಿ ಐದು ವರ್ಷದವರೆಗೆ ಸೆರೆ, 50,000 ನೇಪಾಳಿ ರೂಪಾಯಿವರೆಗೆ ದಂಡ ಇದೆ. ವಿದೇಶಿಯಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ಕಂಬಳಿಯ ಜೊತೆ ಕರಪತ್ರ, ಸುವಾರ್ತೆ ಪುಸ್ತಿಕೆ ಇಟ್ಟರೆ ಸಿಕ್ಕಿಬೀಳುವುದು ಚಳ್ಳಕೆರೆಯವರಲ್ಲ, ಅಲ್ಲಿ ಹಂಚುವವರು. ಕಂಬಳಿ ಬರೀ ಕಂಬಳಿಯಾಗಿಯೇ ಹೋಗಲಿ.

ಪ್ರಶ್ನೆ: ಅಂಚೆಯಲ್ಲಿ ಕಳಿಸಿದರೆ ಕ್ರಿಸ್‌ಮಸ್‌ಗೆ ಮುಟ್ಟುತ್ತದೆಯೇ?
– ಓದುಗರು, ಹಿರಿಯೂರು

ಉತ್ತರ: ಒಂದೆರಡು ಪಾರ್ಸೆಲ್ಲಿಗಾದರೆ ಸರಿ, ನಲವತ್ತಕ್ಕೆ ದುಬಾರಿ. ಪ್ರಧಾನ ಅಂಚೆ ಕಚೇರಿಗೆ ಪೆಟ್ಟಿಗೆಯನ್ನು ತೆರೆದೇ ಒಯ್ಯಿರಿ, ಗುರುತಿನ ಚೀಟಿಯ ಜೆರಾಕ್ಸ್ ಜೊತೆಗಿರಲಿ. ಕಸ್ಟಮ್ಸ್ ಘೋಷಣೆಯಲ್ಲಿ ಸುಮ್ಮನೆ ‘ಗಿಫ್ಟ್ ಐಟಮ್ಸ್’ ಎಂದು ಬರೆದರೆ ತಡೆಯುತ್ತಾರೆ. ‘ಹತ್ತಿ ಟವೆಲ್ 5, ಪೆನ್ಸಿಲ್ 20’ ಎಂದು ಬಿಡಿಸಿ, ತೂಕ, ಬೆಲೆ ಸಮೇತ ಬರೆಯಬೇಕು. ಸೆಂಟು, ನೇಲ್ ಪಾಲಿಶ್, ಬೆಂಕಿಪೊಟ್ಟಣ, ಬಿಡಿ ಲಿಥಿಯಂ ಬ್ಯಾಟರಿ ಹೋಗುವುದಿಲ್ಲ.

ವಿಳಾಸ ತಪ್ಪುವುದು ಒಂದೇ ಕಡೆ. ಕೀನ್ಯಾದಲ್ಲಿ ನಮ್ಮಂತೆ ಪೋಸ್ಟ್‌ಮ್ಯಾನ್ ಮನೆಗೆ ತಂದುಕೊಡುವುದಿಲ್ಲ, ಪತ್ರಗಳು ಪಿ.ಒ. ಬಾಕ್ಸಿಗೆ ಬೀಳುತ್ತವೆ. ಬಾಕ್ಸ್ ಸಂಖ್ಯೆ, ಐದಂಕಿಯ ಅಂಚೆ ಕೋಡ್, ಮಿಷನ್ನಿನ ಮೊಬೈಲ್ ಮೂರೂ ಬೇಕು. ಅಲ್ಲಿ ಸುಂಕ ಬಿದ್ದರೆ ಕಟ್ಟುವವರು ಪಡೆಯುವವರು, ಆದ್ದರಿಂದ ಮೊದಲೇ ಕೇಳಿಕೊಂಡು ಕಳಿಸಿ. ಸೆಪ್ಟೆಂಬರ್ ಕೊನೆಯೊಳಗೆ ಹಾಕಿದರೆ ನೆಮ್ಮದಿ.

ಪ್ರಶ್ನೆ: ಇದು ಉಲ್ಟಾ ಪ್ರಶ್ನೆ. ಜರ್ಮನಿಯ ಚರ್ಚೊಂದು ನಮ್ಮ ಹಳ್ಳಿಯ ಮಕ್ಕಳಿಗೆ ಉಡುಗೊರೆ ಡಬ್ಬಿ ಮತ್ತು ಸ್ವಲ್ಪ ಹಣ ಕಳಿಸುತ್ತೇವೆ ಎನ್ನುತ್ತಿದೆ. ನನ್ನ ಸ್ವಂತ ಖಾತೆಗೆ ಹಾಕಿಸಿಕೊಳ್ಳಲೇ?
– ಸಭಾಪಾಲಕರು, ಹರಿಹರ ತಾಲೂಕು

ಉತ್ತರ: ಖಂಡಿತ ಬೇಡ, ಅಯ್ಯನವರೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, 2010ರ ಪ್ರಕಾರ ಇಂಥ ಕೆಲಸಕ್ಕೆ ಹಣ ಪಡೆಯಲು ನೋಂದಣಿ ಅಥವಾ ಮುಂಗಡ ಅನುಮತಿ ಇರಬೇಕು. ಹಣ ಮೊದಲು ಬಂದು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ನೋಂದಣಿಯಿರುವ ಒಂದು ಸಂಸ್ಥೆ ಪಡೆದು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ. ‘ನಮ್ಮ ಖಾತೆಗೆ ಬರಲಿ, ನಿಮಗೆ ಕೊಡುತ್ತೇವೆ’ ಎನ್ನುವ ದೊಡ್ಡ ಸಂಸ್ಥೆಯ ಮಾತಿಗೂ ಹೂಂ ಎನ್ನಬೇಡಿ.

ಎರಡು ವಿಷಯ ಜನ ಗೊಂದಲ ಮಾಡಿಕೊಳ್ಳುತ್ತಾರೆ. ದುಬೈನಲ್ಲೋ ಜರ್ಮನಿಯಲ್ಲೋ ಕೆಲಸದಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಸ್ವಂತ ಗಳಿಕೆಯಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಅದೇ ಮನುಷ್ಯ ಅಲ್ಲಿಯ ಪೌರತ್ವ ಪಡೆದಿದ್ದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಹತ್ತಿರದ ಸಂಬಂಧಿಕರಾದರೆ ವರ್ಷಕ್ಕೆ 10 ಲಕ್ಷದವರೆಗೆ ಸರ್ಕಾರಕ್ಕೆ ತಿಳಿಸುವ ಅಗತ್ಯವಿಲ್ಲ. ಸ್ವಂತ ಬಳಕೆಗೆ ಬಂದ 1 ಲಕ್ಷದೊಳಗಿನ ಬೆಲೆಯ ವಸ್ತುವೂ ಈ ಕಾಯ್ದೆಗೆ ಸಿಗುವುದಿಲ್ಲ. ಆದರೆ ನೂರು ಡಬ್ಬಿ ತರಿಸಿ ‘ಸ್ವಂತ ಬಳಕೆ’ ಎಂದರೆ ಯಾರೂ ಒಪ್ಪುವುದಿಲ್ಲ.

ಡಬ್ಬಿಗೆ ಕಸ್ಟಮ್ಸ್ ಲೆಕ್ಕ ಬೇರೆ. ಮೊದಲು 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕವಿರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಅದನ್ನು ಕಿತ್ತುಹಾಕಿದರು, ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ಉಳಿಯಿತು. ಉಳಿದದ್ದಕ್ಕೆ ಪೂರ್ತಿ ಸುಂಕ ಕಟ್ಟಿ ಬಿಡಿಸಿಕೊಳ್ಳಬೇಕು. ಆ ದುಡ್ಡಿನಲ್ಲಿ ದಾವಣಗೆರೆಯ ಮಂಡಿಪೇಟೆಯಲ್ಲೇ ಇನ್ನಷ್ಟು ಮಕ್ಕಳಿಗೆ ಕೊಳ್ಳಬಹುದು. ಜರ್ಮನಿಯವರಿಗೆ ಇದನ್ನೇ ಬರೆಯಿರಿ, ಬೇಸರ ಮಾಡಿಕೊಳ್ಳುವುದಿಲ್ಲ.

ಹಂಚುವಾಗ ಇನ್ನೊಂದು ಎಚ್ಚರ. ಕರ್ನಾಟಕದ 2022ರ ಮತಾಂತರ ಕಾಯ್ದೆ ‘ಆಮಿಷ’ ಎಂಬ ಪದದಡಿ ಉಡುಗೊರೆಯನ್ನೂ ಹೆಸರಿಸಿತ್ತು. ಅದನ್ನು ರದ್ದು ಮಾಡಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ನಿರ್ಧರಿಸಿತು. ಕಾಯ್ದೆ ಏನೇ ಇರಲಿ, ಬೀದಿಯ ಎಲ್ಲ ಬಡ ಮನೆಗಳಿಗೂ, ಯಾವ ಜಾತಿ ಧರ್ಮವೆಂದು ಕೇಳದೆ, ಪ್ರಾರ್ಥನೆಗೆ ಬರಬೇಕೆಂಬ ಕರಾರಿಲ್ಲದೆ ಕೊಡಿ. ಸಹಿ ಹಾಕಿಸಿಕೊಂಡರೆ ‘ವಸ್ತು ಮುಟ್ಟಿದೆ’ ಎಂಬುದಕ್ಕೆ ಮಾತ್ರ.

ಪ್ರಶ್ನೆ: ಹಂಚುವ ದಿನ ನೂಕುನುಗ್ಗಲಾಗಿ ಜಗಳವಾಯಿತೆಂದು ನಮ್ಮ ಮಿಷನರಿ ಬಂಧು ಹೋದ ವರ್ಷ ಬರೆದಿದ್ದರು. ಈ ಸಲ ಏನು ಹೇಳಿ ಕಳಿಸೋಣ?
– ಮಹಿಳಾ ಸಂಘ, ಹೊಸದುರ್ಗ

ಉತ್ತರ: ಜಗಳ ಹುಟ್ಟುವುದು ಪಟ್ಟಿಯಲ್ಲಿ. ಶಾಲೆಯ ಹಾಜರಿ ಪುಸ್ತಕ ನೋಡಿ ಪಟ್ಟಿ ಮಾಡಿದರೆ ಮನೆಯಲ್ಲಿರುವ ಮೂರು ವರ್ಷದ ತಮ್ಮ, ಶಾಲೆ ಬಿಟ್ಟ ಅಕ್ಕ ಇಬ್ಬರೂ ತಪ್ಪಿಹೋಗುತ್ತಾರೆ. ಅಣ್ಣನ ಚೀಲಕ್ಕೆ ತಮ್ಮ ಜೋತುಬೀಳುತ್ತಾನೆ, ತಾಯಿ ಬಂದು ಕೇಳುತ್ತಾಳೆ, ಅಲ್ಲಿಂದ ಶುರು. ಪಟ್ಟಿ ಮನೆವಾರು ಇರಲಿ, ಮನೆಯ ಎಲ್ಲ ಮಕ್ಕಳ ಹೆಸರು, ವಯಸ್ಸು ಬರೆಸಿ. 40 ಎಂದು ಬಂದರೆ 44 ಚೀಲ ಮಾಡಿ. ಒಂದೇ ವಯಸ್ಸಿನ ಗುಂಪಿಗೆ ಒಂದೇ ಸಾಮಾನು, ಒಂದೇ ಬಣ್ಣ. ಒಬ್ಬನಿಗೆ ಕಾರು, ಇನ್ನೊಬ್ಬನಿಗೆ ಪೆನ್ಸಿಲ್ ಬಂದರೆ ಚೀಲ ತೆರೆದ ಗಳಿಗೆಯಲ್ಲೇ ಅಳು.

ಎರಡು ದಿನ ಮೊದಲೇ ಮನೆಗೊಂದು ಚೀಟಿ, ಸಮಯ ಬರೆದು ಕೊಡಲಿ. ಹತ್ತು ಹತ್ತು ಮನೆಯವರು ಅರ್ಧ ಗಂಟೆಗೊಮ್ಮೆ ಬಂದರೆ ಸಾಲೇ ಬೇಕಿಲ್ಲ. ಕೀನ್ಯಾದಲ್ಲಾದರೆ ಸರ್ಕಾರ ನೇಮಿಸಿದ ಸ್ಥಳೀಯ ‘ಚೀಫ್’ ಇರುತ್ತಾರೆ, ಅವರಿಗೆ ಮೊದಲೇ ತಿಳಿಸುವುದು ವಾಡಿಕೆ. ಹಿಟ್ಟು ಎಣ್ಣೆಯ ಮೂಟೆಯನ್ನು ಸಭೆಯಲ್ಲಿ ಕೊಡದೆ ಸಂಜೆ ಹೊತ್ತು ಮನೆಗೇ ಮುಟ್ಟಿಸುವುದು ಮರ್ಯಾದೆ. ಎಷ್ಟೋ ಮನೆಯ ಗಂಡಸರು ನಾಲ್ಕು ಜನರೆದುರು ಕೈ ಚಾಚಲಾರದೆ ಬರುವುದೇ ಇಲ್ಲ. ಉಡುಗೊರೆ 23ನೇ ತಾರೀಖಿನೊಳಗೆ ಮುಗಿಯಲಿ, 24ರ ರಾತ್ರಿಯ ಆರಾಧನೆಗೆ ಇದನ್ನು ತಗುಲಿಸಬೇಡಿ.

ಫೋಟೊ ಬೇಕೆಂದು ಇಲ್ಲಿಂದ ಒತ್ತಾಯ ಮಾಡುವವರು ನೀವೇ. ಚೀಲಗಳ ರಾಶಿಯದು, ಕೊಂಡ ಬಿಲ್ಲಿನದು, ಸಹಿ ಪಟ್ಟಿಯದು ಸಾಕು. ಮಕ್ಕಳ ಮುಖ ತೋರುವ ಚಿತ್ರ ತೆಗೆಯುವುದಾದರೆ ತಂದೆತಾಯಿಯನ್ನು ಕೇಳಿ, ಚೀಲ ಕೊಟ್ಟಾದ ಮೇಲೆ. ಮೊದಲೇ ಕೇಳಿದರೆ ಬೇಡ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ.

ಪ್ರಶ್ನೆ: ಚೀಲದಲ್ಲಿ ಪತ್ರ ಇಡಬಹುದೇ? ಯಾವ ಭಾಷೆ?
– ಸಂಡೇ ಸ್ಕೂಲ್ ಮಕ್ಕಳು, ಜಗಳೂರು

ಉತ್ತರ: ಇಡಿ. ಮೂರು ಸಾಲು, ದೊಡ್ಡ ಅಕ್ಷರ, ಸರಳ ಇಂಗ್ಲಿಷ್, ಪಕ್ಕದಲ್ಲಿ ನೀವೇ ಬಿಡಿಸಿದ ಚಿತ್ರ. ಮೇಲೆ ಸ್ವಾಹಿಲಿಯಲ್ಲಿ ‘ಕ್ರಿಸ್ಮಸಿ ನ್ಜೇಮಾ’ ಎಂದಿರಲಿ, ಕ್ರಿಸ್‌ಮಸ್ ಶುಭಾಶಯ ಎಂದರ್ಥ. ಸ್ಪೆಲ್ಲಿಂಗನ್ನು ಸಿಸ್ಟರ್ ಹತ್ತಿರ ಬರೆಸಿಕೊಳ್ಳಿ. ನಿಮ್ಮ ಹೆಸರು, ಊರು ಬರೆಯಬಹುದು. ಮನೆ ವಿಳಾಸ, ಫೋನ್ ನಂಬರ್ ಬೇಡ. ಗ್ಲಿಟರ್ ಅಂಟಿಸಬೇಡಿ, ಉದುರಿ ಟವೆಲಿಗೆಲ್ಲ ಮೆತ್ತಿಕೊಳ್ಳುತ್ತದೆ.